ಐವರಲ್ಲಿ ಒಬ್ಬಳು ಕಂಡಿದ್ದು

"ರೀ! ತಲೆಗೆ ಏನು ಸುರೀತಿದ್ದೀರಾ?"

ಡಾಕ್ಟರಮ್ಮ ಕುರ್ಚಿಯಿಂದ ದಡಬಡಿಸಿ ಎದ್ದಳು. ಹಿಂದೆ ನಿಂತಿದ್ದ ಎಂಜಿನಿಯರ್‌ನ ಒಂದು ಕೈಯಲ್ಲಿ ತಣ್ಣನೆಯ ಜೆಲ್ ಟ್ಯೂಬು, ಇನ್ನೊಂದರಲ್ಲಿ ವೈರುಗಳು ಜೋತಾಡುವ ಟೋಪಿ.

"ಸಾರಿ ಡಾಕ್ಟ್ರೇ... ಜೆಲ್ ಹಾಕದಿದ್ರೆ ಮಿದುಳಿನ ಸಿಗ್ನಲ್ ಸಿಗಲ್ಲ."

"ಅಂತೂ ಮೊದಲ ದಿನವೇ ನನಗೆ ಟೋಪಿ ಹಾಕೋಕೆ ಬಂದಿದ್ದೀರಿ!"

ಅವನು ನಕ್ಕುಬಿಟ್ಟ. ಅಯ್ಯೋ, ಆ ನಗು! ಅಲ್ಲಿಗೇ ಮುಗೀತು ನಮ್ಮ ಡಾಕ್ಟರಮ್ಮನ ಕಥೆ.

ಕೆಲಸ ಇಷ್ಟೇ. ಐದು ಜನ ಡಾಕ್ಟರು ಒಂದೇ ಎದೆಯ ಸ್ಕ್ಯಾನ್ ನೋಡಿ, ಗಡ್ಡೆ 'ಇದೆ' ಇಲ್ಲವೇ 'ಇಲ್ಲ' ಅಂತ ಬಟನ್ ಒತ್ತಬೇಕು. ತಮ್ಮ ಉತ್ತರದ ಬಗ್ಗೆ ಯಾರ ಮನಸ್ಸು ಎಷ್ಟು ಗಟ್ಟಿ ಅನ್ನೋದನ್ನ ಟೋಪಿ ಹೇಳುತ್ತೆ. ಗಟ್ಟಿ ಇದ್ದವರ ಮಾತಿಗೆ ತೂಕ ಜಾಸ್ತಿ, ತಡವರಿಸಿದವರ ಮಾತಿಗೆ ಕಡಿಮೆ. ಎಲ್ಲ ಕೂಡಿಸಿ ಮಿಷನ್ ಒಂದೇ ತೀರ್ಪು ಕೊಡುತ್ತೆ. ಒಬ್ಬರೇ ಆದರೂ ಗಟ್ಟಿಯಾಗಿ 'ಇದೆ' ಅಂದರೆ ಮರುಪರೀಕ್ಷೆ. ಆ ಮಿಷನ್ ಕಟ್ಟಿದವನು ಅವನೇ.

ದಿನಾ ಬೆಳಿಗ್ಗೆ ಅವನು ಅವಳ ಕೂದಲು ಸರಿಸಿ ವೈರು ಕೂರಿಸುತ್ತಿದ್ದ. ಅವಳು ಉಸಿರು ಬಿಗಿಹಿಡಿದು ಕೂರುತ್ತಿದ್ದಳು. ಇಬ್ಬರೂ ಬಾಯಿಬಿಡಲಿಲ್ಲ, ದಡ್ಡರು!

ಒಂದು ದಿನ ಒಂದು ಸ್ಕ್ಯಾನಿನಲ್ಲಿ ಅವಳಿಗೆ ಕಾಳಿನಷ್ಟು ಗಡ್ಡೆ ಕಂಡಿತು. 'ಇದೆ' ಒತ್ತಿದಳು. ಉಳಿದ ನಾಲ್ವರು 'ಇಲ್ಲ' ಅಂದರು. ಅವಳ ಸಿಗ್ನಲ್ ತಡವರಿಸಿತ್ತು. ಮಿಷನ್ ಅವಳ ಮಾತನ್ನು ಪಕ್ಕಕ್ಕೆ ತಳ್ಳಿ 'ಇಲ್ಲ' ಅಂತ ತೀರ್ಪು ಕೊಟ್ಟಿತು.

ಸ್ಕ್ಯಾನಿನ ಮೇಲೆ ಹೆಸರಿರಲಿಲ್ಲ. ಏಳು ತಿಂಗಳಾದ ಮೇಲೆ ಎಂಜಿನಿಯರ್‌ನ ಅಕ್ಕ ಹಾಸಿಗೆ ಹಿಡಿದು, ಹಳೇ ಫೈಲು ತೆಗೆದಾಗ ಗೊತ್ತಾಯಿತು, ಆ ಸ್ಕ್ಯಾನ್ ಅವಳದೇ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ. ಅಷ್ಟರಲ್ಲಿ ಕಾಯಿಲೆ ಮೈಯೆಲ್ಲ ಹಬ್ಬಿತ್ತು. ಹೋಗಿಬಿಟ್ಟಳು.

ಅವನು ಕೆಲಸಕ್ಕೆ ಬರುವುದನ್ನೇ ಬಿಟ್ಟ. ಫೋನ್ ಎತ್ತಲಿಲ್ಲ.

'ನನ್ನ ಮೇಲೆ ಕೋಪ... ಜಗಳ ಆಡಿಯಾದ್ರೂ ಗಡ್ಡೆ ಇದೆ ಅಂತ ನಾನು ಅವತ್ತು ಹೇಳಬೇಕಿತ್ತು!'

ಅತ್ತು ಅತ್ತು ಸಾಕಾಗಿ, ಕೊನೆಗೆ ಅವನ ಮನೆಗೇ ಹೋದಳು.

"ನಿಮ್ಮ ಮೇಲೆ ಕೋಪ ಇಲ್ಲ ಡಾಕ್ಟ್ರೇ," ಅಂದ ಅವನು. ಕಣ್ಣು ಗುಳಿಬಿದ್ದಿತ್ತು. "ಸರಿಯಾಗಿ ನೋಡಿದ್ದು ನೀವೊಬ್ಬರೇ. ಆದ್ರೆ ಒಂದು ಅರ್ಥ ಆಗ್ತಿಲ್ಲ... ಕಣ್ಣಾರೆ ಕಂಡ ಮೇಲೂ ನಿಮ್ಮ ಮನಸ್ಸು ಯಾಕೆ ತಡವರಿಸ್ತು?"

ಅವಳಿಗೆ ಉತ್ತರ ಗೊತ್ತಿತ್ತು. ಸುಮ್ಮನಿದ್ದರೆ ತಪ್ಪು ಮಿಷನ್ನಿನದು. ಬಾಯಿಬಿಟ್ಟರೆ ಇವನು ತನ್ನ ಮುಖವನ್ನೇ ನೋಡಲಿಕ್ಕಿಲ್ಲ. ಆದರೆ ಹೋದ ಜೀವದ ವಿಷಯದಲ್ಲಿ ಸುಳ್ಳಾಡುವುದು ಹೇಗೆ?

"ಗಡ್ಡೆ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ. ಅವತ್ತು ಒಂದು ವೈರು ಸಡಿಲ ಆಗಿದೆ ಅಂತ ನೀವು ಒತ್ತಿ ಹಿಡ್ಕೊಂಡು ಹಿಂದೇನೇ ನಿಂತಿದ್ರಿ. ನಿಮ್ಮ ಬೆರಳು ನನ್ನ ಕಿವಿ ಪಕ್ಕ ಇತ್ತು... ತಡವರಿಸಿದ್ದು ಅದಕ್ಕೆ. ನೀವಂದ್ರೆ ನನಗೆ ಪ್ರಾಣ. ಮಿಷನ್ ಅದನ್ನ ಅನುಮಾನ ಅಂದ್ಕೊಳ್ತು."

ಅವನು ಕುಸಿದು ಕೂತ.

"ವೈರು ಸಡಿಲ ಆಗಿರಲೇ ಇಲ್ಲ ಡಾಕ್ಟ್ರೇ... ನಿಮ್ಮ ಹತ್ತಿರ ನಿಲ್ಲೋಕೆ ಸುಳ್ಳು ಹೇಳಿದ್ದೆ."

ಇಬ್ಬರೂ ಬಿಕ್ಕಿಬಿಕ್ಕಿ ಅತ್ತರು. ಸಮಾಧಾನ ಮಾಡೋರು ಯಾರೂ ಇರಲಿಲ್ಲ.

"ಅಕ್ಕ ಕೊನೇಲಿ ಕೇಳಿದ್ಲು... 'ನನ್ನ ಕಾಯಿಲೆ ಕಂಡ ಆ ಒಬ್ಬಳನ್ನ ಒಂದ್ಸಲ ಕರ್ಕೊಂಡು ಬಾರೋ' ಅಂತ. ನಾನು ಕರ್ಕೊಂಡು ಬರಲಿಲ್ಲ."

"ಈಗ ಬಂದಿದ್ದೀನಿ..."

"ತಡವಾಯ್ತು."

"ಹೂಂ... ತಡವಾಯ್ತು." ಅವಳು ಕಣ್ಣೊರೆಸಿಕೊಂಡು ಎದ್ದಳು. "ನಾನಿನ್ನು ಹೋಗ್ಲಾ?"

ಅವನು ಅವಳ ಕೈ ಹಿಡಿದುಕೊಂಡ.

"ಹೋಗ್ಬೇಡ ಕಣೆ."