ಎಡಕ್ಕೆ ಹಳೆಯದು, ಬಲಕ್ಕೆ ನೀನು

"ನಿಮ್ಮ ಬೆಕ್ಕಿಗೆ ಒಂದು ಮೀಸೆ ಕಮ್ಮಿ ಇದೆ."

ಅವನು ಅವಳಿಗೆ ಆಡಿದ ಮೊಟ್ಟಮೊದಲ ಮಾತು ಇದು! ಕೋಟಿನ ಮೇಲಿನ ಹಿಮ ಕೊಡವುವಷ್ಟೂ ಪುರುಸೊತ್ತು ಕೊಟ್ಟಿರಲಿಲ್ಲ. ತನ್ನದೇ ಕೆಲಸದ ಕೋಣೆಯಲ್ಲಿ, ತನ್ನದೇ ಕುರ್ಚಿಯ ಪಕ್ಕದಲ್ಲಿ, ಯಾರೋ ಅಪರಿಚಿತ.

ತಮಾಕಿ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಬಿದಿರು ಗಳುವಿನಂಥ ಎತ್ತರದ ಹುಡುಗ. ಕನ್ನಡಕದ ಒಂದು ಕಾಲಿಗೆ ನೀಲಿ ಟೇಪು. ನೆತ್ತಿಯ ಬಲಗಡೆ ಒಂದು ಸುಳಿ, ಯಾರ ಮಾತೂ ಕೇಳುವುದಿಲ್ಲ ಎಂಬಂತೆ ಎದ್ದು ನಿಂತಿದೆ. ಒಂದು ಕಾಲುಚೀಲ ಬೂದು, ಇನ್ನೊಂದು ಕಂದು!

"ಯಾವ ಬೆಕ್ಕು?"

"ಹದಿನಾಲ್ಕನೇ ಪುಟದ್ದು. ಹಳೇ ಫೈಲಲ್ಲಿ ಆರು ಮೀಸೆ ಇತ್ತು. ಹೊಸದರಲ್ಲಿ ಐದೇ ಇದೆ."

ಅವನು ಕಂಪ್ಯೂಟರನ್ನು ಅವಳತ್ತ ತಿರುಗಿಸಿದ. ಪರದೆ ಎರಡು ಹೋಳಾಗಿತ್ತು. ಎಡಕ್ಕೊಂದು ಫೋಲ್ಡರ್, ಬಲಕ್ಕೊಂದು ಫೋಲ್ಡರ್. ಎರಡರಲ್ಲೂ ಒಂದೇ ಆಗಿದ್ದದ್ದು ಕಪ್ಪಗೆ, ಬದಲಾದದ್ದು ಕೆಂಪಗೆ. ಕೆಂಪಗಿದ್ದ ಪುಟವನ್ನು ತೆರೆದರೆ... ಅವಳ ಬೆಕ್ಕಿನ ಕೆನ್ನೆಯ ಮೇಲೆ, ಏನನ್ನೋ ಅಳಿಸುವಾಗ ಅಳಿದುಹೋದ ಮೀಸೆಯ ಜಾಗದಲ್ಲಿ, ಕೆಂಪು ಗೆರೆ ಹೊಳೆಯುತ್ತಿತ್ತು.

ಅಷ್ಟರಲ್ಲಿ ಒಳಗಿನಿಂದ ಅವಳ ಗುರು ಇಗರಾಶಿ ಸೆನ್ಸೇ ಬಂದರು. ಅರವತ್ತು ದಾಟಿದ ಹೆಂಗಸು. ನಮ್ಮ ನೀಗಾತಾದಲ್ಲಿ ಕೂತು ಮಾಂಗಾ, ಅಂದರೆ ಚಿತ್ರಕಥೆ, ಬರೆದು ಊರಿಗೆಲ್ಲ ಗುರುತಾದವರು. ಅವರ ಚಿತ್ರಗಳ ಹಿಂದಿನ ಮನೆ, ಮರ, ಬೆಕ್ಕುಗಳನ್ನೆಲ್ಲ ಬಿಡಿಸುವುದು ತಮಾಕಿಯ ಕೆಲಸ.

"ಇವನು ವಾಕುಯಿ ಅಂತ. ಇವತ್ತಿಂದ ನಮ್ಮ ಫೈಲುಗಳನ್ನೆಲ್ಲ ಇವನೇ ನೋಡ್ಕೊಳ್ಳೋದು. ಒಂದೇ ಪುಟಕ್ಕೆ 'ಕೊನೆ', 'ನಿಜವಾದ ಕೊನೆ', 'ಇದೇ ಕೊನೆ ಆಣೆಗೂ' ಅಂತ ಮೂರ್ಮೂರು ಹೆಸರಿಡ್ತೀಯಲ್ಲ, ಆ ತಲೆನೋವು ಇನ್ಮೇಲೆ ಇವನದು!"

ಕಡತ ನೋಡಲು ಬಂದವನು ಬಂದ ಕೂಡಲೇ ಕಡಿದಿದ್ದ!

ಅವನು ಚಹಾ ತರಲು ಹೋದದ್ದೇ ತಡ, ತಮಾಕಿ ಮೂಗು ಹಿಡಿದುಕೊಂಡು ಶುರುಮಾಡಿದಳು. ಮಿಮಿಕ್ರಿ ಅವಳಿಗೆ ಹುಟ್ಟುರೋಗ. "ವ್ಯತ್ಯಾಸ... ಒಂದು! ಬೆಕ್ಕಿನ ಮೀಸೆ! ವ್ಯತ್ಯಾಸ... ಎರಡು! ಇಗರಾಶಿ ಸೆನ್ಸೇಯವರ ತಲೆಯಲ್ಲಿ ನಿನ್ನೆಗಿಂತ ಎರಡು ಕೂದಲು ಕಮ್ಮಿ!"

ಸೆನ್ಸೇ ನಗಲಿಲ್ಲ. ಅವಳ ಬೆನ್ನ ಹಿಂದೆ ನೋಡುತ್ತಿದ್ದರು.

ತಮಾಕಿ ತಿರುಗಿದಳು. ಚಹಾದ ತಟ್ಟೆ ಹಿಡಿದು ವಾಕುಯಿ ನಿಂತಿದ್ದ.

"ನಾನು ಅಷ್ಟೊಂದು ಮೂಗಲ್ಲಿ ಮಾತಾಡಲ್ಲ," ಎಂದ ಗಂಭೀರವಾಗಿ. "ಮಿಕ್ಕಿದ್ದೆಲ್ಲ ಸರಿಯಾಗಿದೆ."

ತಮಾಕಿಗೆ ನಗು ತಡೆಯಲಾಗಲಿಲ್ಲ. ಛೆ! ಕೋಪ ಮಾಡಿಕೊಳ್ಳಬೇಕಾದವನ ಮುಂದೆ ನಕ್ಕುಬಿಟ್ಟೆನಲ್ಲ...

ಆ ನಗು ಅಲ್ಲಿಗೆ ನಿಲ್ಲಲಿಲ್ಲ. ಚಳಿಗಾಲವೆಲ್ಲ ಸೀಮೆಎಣ್ಣೆ ಹೀಟರಿನ ಪಕ್ಕದಲ್ಲಿ ಅವರಿಬ್ಬರ ಕುರ್ಚಿಗಳು ಇಷ್ಟಿಷ್ಟೇ ಹತ್ತಿರ ಸರಿದವು. ಹೀಟರ್ ಸರಿದದ್ದೋ, ಕುರ್ಚಿ ಸರಿದದ್ದೋ... ಅದನ್ನು ಹೋಲಿಸಿ ನೋಡುವ ಸಾಧನ ಆ ಮನೆಯಲ್ಲಿ ಇರಲಿಲ್ಲ.

---

ಸೆನ್ಸೇಯ ಕೆಲಸ ಮುಗಿದ ಮೇಲೆ ತಮಾಕಿ ತನ್ನದೇ ಒಂದು ಕಥೆ ಬಿಡಿಸುತ್ತಿದ್ದಳು. ಪತ್ರಿಕೆಯೊಂದು ಹೊಸಬರಿಗಾಗಿ ನಡೆಸುವ ಸ್ಪರ್ಧೆಗೆ. ಅವಳು ಹಿಂದೆಯೂ ಕಳಿಸಿದ್ದಳು, ಹಿಂದೆಯೂ ಸೋತಿದ್ದಳು. ಈ ಸಲವೂ ಆಗದಿದ್ದರೆ ಸ್ವಂತ ಕಥೆಯ ಹುಚ್ಚನ್ನೇ ಬಿಟ್ಟುಬಿಡುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಸಾಡೊ ದ್ವೀಪಕ್ಕೆ ಹೋಗುವ ಹಡಗಿನ ಟಿಕೆಟ್ ಕೊಡುವ ಹುಡುಗಿಯ ಕಥೆ. ಮೊದಲು ಬರೆದ ಕೊನೆಯಲ್ಲಿ ಹುಡುಗಿ ದಡದಲ್ಲೇ ನಿಂತು ಕೈಬೀಸುತ್ತಾಳೆ. ಹಡಗು ಹೋಗುತ್ತದೆ. ಅಷ್ಟೇ.

ಆದರೆ ಫೆಬ್ರವರಿಯಲ್ಲಿ ತಮಾಕಿ ಕೊನೆಯ ನಾಲ್ಕು ಪುಟ ಮತ್ತೆ ಬಿಡಿಸಿದಳು, ಕಾಗದವಿಲ್ಲದೆ ನೇರ ಪರದೆಯ ಮೇಲೆಯೇ. ಈ ಸಲ ಹುಡುಗಿ ಕಿಟಕಿ ಮುಚ್ಚಿ, ಓಡಿ, ಹಡಗು ಹತ್ತಿಬಿಡುತ್ತಾಳೆ! ಯಾಕೆಂದರೆ ಹಡಗಿನಲ್ಲಿ ಒಬ್ಬ ಹುಡುಗನಿದ್ದಾನೆ...

ಬಾಯಲ್ಲಿ ಹೇಳಲಾಗದ್ದನ್ನು ಅವಳು ನಾಲ್ಕು ಪುಟದಲ್ಲಿ ಹೇಳಿದ್ದಳು.

"ವಾಕುಯಿ-ಸಾನ್, ಹಳೇದು ಹೊಸದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ ಹೇಳ್ತೀರಾ? ಯಾವುದು ಚೆನ್ನಾಗಿದೆ?" ಹೆಸರಿನ ಹಿಂದೆ ಮರ್ಯಾದೆಯ 'ಸಾನ್' ಸೇರಿಸಿಯೇ ಕೇಳಿದಳು.

ಅವನು ನೋಡಿದ. ಚಿತ್ರದ ಒಂದೊಂದು ಚೌಕವನ್ನೂ ನೋಡಿದ. ಚಹಾ ತಣ್ಣಗಾಗುವವರೆಗೆ ನೋಡಿದ. ಮುಖದಲ್ಲಿ ಏನೋ ಮಂಕು.

"ಹಳೇದೇ ಚೆನ್ನಾಗಿದೆ."

"...ಯಾಕೆ?"

"ಸುಮ್ನೆ. ಹೊಸದರಲ್ಲಿ ಆ ಹುಡುಗ... ಅವನು ಬೇಕಾಗಿರಲಿಲ್ಲ ಅನ್ನಿಸ್ತು."

ತಮಾಕಿ ತಲೆಯಾಡಿಸಿದಳು, ನಕ್ಕಳು ಕೂಡ. ಶೌಚಾಲಯಕ್ಕೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಅವನಿಗೆ ಅರ್ಥವಾಗಿದೆ... ಅರ್ಥವಾಗಿಯೇ ಬೇಡ ಅಂದಿದ್ದಾನೆ!

ಆದರೂ ಕಥೆ ಅವಳದು. ಹೊಸ ಕೊನೆಯನ್ನೇ ಕಳಿಸುವುದು ಎಂದು ನಿರ್ಧರಿಸಿದಳು.

ಮರುದಿನ ಎಲ್ಲವನ್ನೂ ಹೊರಗಿನ ಡಿಸ್ಕಿಗೂ ಒಂದು ಪ್ರತಿ ಹಾಕಿಡಬೇಕಿತ್ತು. ಆ ಡಿಸ್ಕಿನಲ್ಲಿ ಹಳೆಯ ಪುಟಗಳಷ್ಟೇ ಇದ್ದವು. ತಮಾಕಿ ಎರಡು ಫೋಲ್ಡರುಗಳನ್ನೂ ತೆರೆದು ಅಕ್ಕಪಕ್ಕ ಇಟ್ಟಳು. ಅಷ್ಟರಲ್ಲಿ ಸೆನ್ಸೇಯ ಶಾಯಿ ಕುಡಿಕೆ ತಗುಲಿ ಕೈಗೆ ಶಾಯಿ ಚೆಲ್ಲಿತು.

"ವಾಕುಯಿ-ಸಾನ್, ಆ ಪ್ರತಿ ಮಾಡೋ ಗುಂಡಿ ಸ್ವಲ್ಪ ಒತ್ತಿಬಿಡಿ."

ಅವನು ಒತ್ತಿದ. ಬಾಣದ ಗುರುತು ಎಡದಿಂದ ಬಲಕ್ಕೆ ಸರ್ರನೆ ಓಡಿತು. ಕೆಂಪಗಿದ್ದದ್ದೆಲ್ಲ ಕಪ್ಪಾಯಿತು.

ತಮಾಕಿ ಕೈತೊಳೆದು ಬಂದು ಪುಟ ತೆರೆದಳು.

ಹುಡುಗಿ ದಡದಲ್ಲಿ ನಿಂತಿದ್ದಳು. ಕೈಬೀಸುತ್ತಿದ್ದಳು. ಇಲ್ಲಿಯೂ ಹಾಗೇ, ಡಿಸ್ಕಿನಲ್ಲಿಯೂ ಹಾಗೇ!

"ನನ್ನ ಪುಟ ಎಲ್ಲಿ? ವಾಕುಯಿ-ಸಾನ್, ಹೊಸ ನಾಲ್ಕು ಪುಟ ಎಲ್ಲಿ?"

ಅವನು ಹುಡುಕಿದ. ಮುಖ ಬಿಳುಚಿಕೊಂಡಿತು. "ಹಳೇದು ಹೊಸದರ ಮೇಲೆ ಕೂತುಬಿಟ್ಟಿದೆ. ಅಳಿಸಿದ್ದಾಗಿದ್ರೆ ಕಸದ ಬುಟ್ಟೀಲಾದರೂ ಸಿಗ್ತಿತ್ತು. ಇದು... ಸಿಗಲ್ಲ."

"ಸಿಗಲ್ಲವಾ, ಸಿಗೋದು ಬೇಕಿಲ್ಲವಾ?" ಅವಳು ಪರದೆಯತ್ತ ಬೆರಳು ಮಾಡಿದಳು. "ನಿನ್ನೆ ನೀವೇ ಅಂದ್ರಲ್ಲ, ಹಳೇದೇ ಚೆನ್ನಾಗಿದೆ ಅಂತ! ಇವತ್ತು ನೋಡಿ, ಹಳೇದೇ ಉಳ್ಕೊಂಡಿದೆ! ಎಷ್ಟು ಅನುಕೂಲ! ನಿಮಗೆ ಬೇಡದಿದ್ರೆ ಬೇಡ ಅಂತ ನನಗೆ ಹೇಳಬೇಕಿತ್ತು. ನನ್ನ ಪುಟಗಳು ಏನು ಮಾಡಿದ್ವು?"

ವಾಕುಯಿ ಬಾಯಿ ತೆರೆದ. ಒಮ್ಮೆ ಪರದೆಯನ್ನು ನೋಡಿದ. ಎಡಕ್ಕೆ ಏನಿತ್ತು, ಬಲಕ್ಕೆ ಏನಿತ್ತು ಎಂಬುದು ಅಲ್ಲಿ ಸ್ಪಷ್ಟವಾಗಿತ್ತು. ಆಮೇಲೆ ಅವಳ ಮುಖ ನೋಡಿದ.

"ಒತ್ತಿದ್ದು ನಾನು. ತಪ್ಪು ನನ್ನದು," ಎಂದು ಸೊಂಟ ಬಾಗಿಸಿ ತಲೆತಗ್ಗಿಸಿದ. ಬಹಳ ಹೊತ್ತು ತಲೆಯೆತ್ತಲೇ ಇಲ್ಲ. ಕೊನೆಗೆ ಕೋಟು ತೆಗೆದುಕೊಂಡು ಹೊರಟುಹೋದ.

ಕಳಿಸಬೇಕಾದ ಗಡುವು ಮರುದಿನ ಸಂಜೆ.

---

"ಅಳು ಮುಗೀತಾ? ಈಗ ಹೇಳು," ಇಗರಾಶಿ ಸೆನ್ಸೇ ಅವಳ ಮುಂದೆ ಬಿಸಿ ಮಿಸೋ ಸಾರಿನ ಬಟ್ಟಲಿಟ್ಟರು. "ಫೋಲ್ಡರುಗಳನ್ನ ಇಟ್ಟೋರು ಯಾರು?"

"ನಾನೇ. ಎಡಕ್ಕೆ ಹಳೇದು, ಬಲಕ್ಕೆ ಹೊಸದು."

"ಬಲಕ್ಕೆ ಯಾಕೆ?"

"ಯಾಕೆ ಅಂದ್ರೆ? ಮೊದಲು ಬರೋದು ಬಲಗಡೆದೇ ಅಲ್ವಾ, ಸೆನ್ಸೇ? ಮುಖ್ಯವಾದದ್ದು ಬಲಕ್ಕೆ, ಅದರ ನಕಲು ಎಡಕ್ಕೆ..."

ಹೇಳುತ್ತಾ ಹೇಳುತ್ತಾ ಅವಳ ದನಿ ಸಣ್ಣಗಾಯಿತು.

ಸೆನ್ಸೇ ನಿಟ್ಟುಸಿರು ಬಿಟ್ಟರು. "ಮಾಂಗಾದವರ ಹಣೆಬರಹ! ಪುಟ ಬಲದಿಂದ ಶುರು, ಚೌಕ ಬಲದಿಂದ ಶುರು, ನಮ್ಮ ತಲೆಯೂ ಬಲದಿಂದಲೇ ಶುರು. ಆ ಯಂತ್ರಕ್ಕೆ ಇದೇನು ಗೊತ್ತು? ಅದು ಎಡಗಡೆಯದೇ ಅಸಲಿ ಅಂದ್ಕೊಂಡು ಬಲಕ್ಕೆ ಸುರೀತು. ಎಡವಿದ್ದು ನೀನಮ್ಮಾ. ಅವನು ಬರೀ ಗುಂಡಿ ಒತ್ತಿದ."

ಎಡವಟ್ಟು! ಅಕ್ಷರಶಃ ಎಡದಿಂದ ಬಂದ ಎಡವಟ್ಟು!

ಹಾಗಾದರೆ ಅವನಿಗೆ ಗೊತ್ತಿತ್ತು... ಪರದೆ ನೋಡಿದ್ದನಲ್ಲ... ಗೊತ್ತಿದ್ದೂ 'ತಪ್ಪು ನನ್ನದು' ಎಂದು ತಲೆಬಾಗಿಸಿದನೆ?

ತಮಾಕಿ ಸಾರಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

---

ರಾತ್ರಿ ಸೆನ್ಸೇಯ ಮನೆಯಲ್ಲೇ ಉಳಿದಿದ್ದ ಅವಳು ಮರುದಿನ ಬೆಳಿಗ್ಗೆ ಬಾಗಿಲು ತೆರೆದಾಗ ಮೆಟ್ಟಿಲ ಹಿಮವನ್ನು ಯಾರೋ ಆಗಲೇ ಗೋರಿದ್ದರು. ಸಲಿಕೆ ಹಿಡಿದು ವಾಕುಯಿ ನಿಂತಿದ್ದ. ಜೇಬಿನಿಂದ ಸಾಲ್ಮನ್ ಮೀನಿಟ್ಟ ಎರಡು ಅನ್ನದುಂಡೆ ಇಣುಕುತ್ತಿದ್ದವು.

"ವಾಕುಯಿ-ಸಾನ್, ನಿನ್ನೆ ನಾನು... ಬಲಕ್ಕೆ ಇಟ್ಟಿದ್ದು ನಾನೇ..."

"ಅದು ಆಮೇಲೆ," ಅವನು ಅವಸರದಲ್ಲಿ ಬೂಟು ಕಳಚಿದ. "ಸಂಜೆವರೆಗೆ ಟೈಮಿದೆ. ಮತ್ತೆ ಬಿಡಿಸಿ."

"ಹೇಗೆ? ನನಗೆ ಅರ್ಧವೂ ನೆನಪಿಲ್ಲ!"

"ನನಗಿದೆ."

ಅವನು ಕುರ್ಚಿ ಎಳೆದುಕೊಂಡು ಅವಳ ಬಲಕ್ಕೆ ಕೂತ. ಕಣ್ಣು ಮುಚ್ಚಿದ. "ಹಳೇ ಪುಟವನ್ನೇ ತೆಗೆಯಿರಿ. ಹೊಸದರಲ್ಲಿ ಏನೇನು ಬೇರೆ ಇತ್ತು ಅಂತ ಹೇಳ್ತಾ ಹೋಗ್ತೀನಿ. ಅಷ್ಟು ಹೊತ್ತು ನೋಡಿದ್ದೀನಲ್ಲ... ವ್ಯತ್ಯಾಸ ಒಂದು. ಟಿಕೆಟ್ ಕಿಟಕಿ ಮುಚ್ಚಿದೆ. ಪರದೆ ಬಟ್ಟೆಯ ತುದಿ ಅದರಲ್ಲಿ ಸಿಕ್ಕಿಹಾಕ್ಕೊಂಡಿದೆ."

ತಮಾಕಿ ಬಿಡಿಸತೊಡಗಿದಳು. ಹೌದು! ಸಿಕ್ಕಿಕೊಂಡಿತ್ತು!

"ಎರಡನೇ ಚೌಕ. ಹುಡುಗಿಯ ಮಫ್ಲರ್ ಎಡಕ್ಕೆ ಹಾರ್ತಿದೆ. ಒಂದು ಕೈಗವಸು ಬಿದ್ದುಹೋಗಿದೆ. ಅದನ್ನ ಬೆಕ್ಕು ಮೂಸ್ತಿದೆ."

"ಬೆಕ್ಕಿಗೆ ಎಷ್ಟು ಮೀಸೆ?"

"ಆರು. ಈ ಸಲ ಸರಿಯಾಗಿತ್ತು."

ಇಬ್ಬರೂ ನಕ್ಕರು. ಅನ್ನದುಂಡೆ ಮುಗಿಯಿತು, ಎರಡು ಪುಟ ಮುಗಿಯಿತು. ಮಧ್ಯಾಹ್ನದ ಬಿಸಿಲಿಗೆ ಸೂರಿನ ಹಿಮ ತೊಟ್ಟಿಕ್ಕುತ್ತಿತ್ತು.

"ಕೊನೇ ಪುಟ," ಅವನ ದನಿಯಲ್ಲಿ ಮತ್ತೆ ಅದೇ ಮಂಕು. "ಹಡಗಿನ ಮೇಲೆ ಆ ಹುಡುಗ. ಬೆನ್ನು ಕಾಣ್ತಿದೆ. ಎತ್ತರ. ಗಾಳಿಗೂ ಬಗ್ಗದ ಹಾಗೆ ನೆತ್ತಿಯ ಬಲಗಡೆ ಕೂದಲು ಎದ್ದು ನಿಂತಿದೆ."

"ಹ್ಞೂಂ." ಅವಳ ಪೆನ್ನು ನಿಧಾನವಾಯಿತು.

"ಕನ್ನಡಕದ ಕಾಲು ಮಾತ್ರ ಕಾಣುತ್ತೆ. ಅದಕ್ಕೆ ಏನೋ ಸುತ್ತಿದೆ... ಟೇಪಿನ ಥರ. ಪ್ಯಾಂಟು ಮೇಲೆ ಸರಿದಿದೆ. ಕಾಲುಚೀಲ ಒಂದಕ್ಕೆ ಬಣ್ಣ ತುಂಬಿದೆ, ಇನ್ನೊಂದಕ್ಕೆ..."

ಅವನು ನಿಲ್ಲಿಸಿದ.

ಕಣ್ಣು ತೆರೆದ. ಬಗ್ಗಿ ತನ್ನ ಕಾಲುಗಳನ್ನು ನೋಡಿಕೊಂಡ. ಒಂದು ಬೂದು. ಒಂದು ಕಂದು. ಕೈ ತಾನಾಗಿ ಕನ್ನಡಕದ ಟೇಪಿಗೆ ಹೋಯಿತು... ಅಲ್ಲಿಂದ ನೆತ್ತಿಯ ಸುಳಿಗೆ...

ವ್ಯತ್ಯಾಸಗಳನ್ನೆಲ್ಲ ಕಂಡುಹಿಡಿಯುವವನಿಗೆ ಹೋಲಿಕೆಯೊಂದು ಮಾತ್ರ ಕಂಡಿರಲಿಲ್ಲ!

"ತಮಾಕಿ-ಸಾನ್."

ಅವಳು ಪುಟದಿಂದ ತಲೆಯೆತ್ತಿದಳು.

"ಇದು ನಾನು."

"ಈಗ ಗೊತ್ತಾಯ್ತಾ, ಮಹಾರಾಯ!" ಅವಳ ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ಬೆಕ್ಕಿನ ಮೀಸೆ ಕಾಣುತ್ತೆ, ನಿಮ್ಮ ತಲೆ ನಿಮಗೇ ಕಾಣಲ್ಲ! 'ಅವನು ಬೇಕಾಗಿರಲಿಲ್ಲ' ಅಂದ್ರಿ. ಎಷ್ಟು ಅತ್ತಿದ್ದೀನಿ ಗೊತ್ತಾ?"

"ಅದು... ಯಾರಿಗೋಸ್ಕರ ಅವಳು ಹಾಗೆ ಎಲ್ಲಾ ಬಿಟ್ಟು ಓಡಿ ಹಡಗು ಹತ್ತುತ್ತಾಳೆ ಅಂತ ಹೊಟ್ಟೆ ಉರೀತು. ನಿಮ್ಮ ಮನಸ್ಸಲ್ಲಿ ಯಾರೋ ಇದ್ದಾನೆ ಅಂದ್ಕೊಂಡೆ. ರಾತ್ರಿಯೆಲ್ಲ ಆ ಬೆನ್ನನ್ನ ಬೈದಿದ್ದೀನಿ!"

"ನಿಮ್ಮ ಬೆನ್ನನ್ನ ನೀವೇ?"

"ಬಹಳ ಕೆಟ್ಟದಾಗಿ."

ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು. "ಆದರೆ ನಿನ್ನೆ... ಗುಂಡಿ ಒತ್ತೋ ಮುಂಚೆ ದಿನಾಂಕ ನೋಡ್ತೀರಲ್ಲ ಯಾವಾಗಲೂ? ಎಡಗಡೆದು ಹಳೇದು ಅಂತ ಕಾಣಿಸ್ತಿತ್ತು. ಯಾಕೆ ನೋಡಲಿಲ್ಲ?"

ವಾಕುಯಿಯ ಕಿವಿ ಕೆಂಪಾಯಿತು. ಕಪ್ಪಾಗುವ ಲಕ್ಷಣವೇ ಇಲ್ಲದ ಕೆಂಪು.

"ನಿಮ್ಮ ಮೂಗಿನ ಮೇಲೆ ಶಾಯಿ ಇತ್ತು," ಎಂದ. "ಅದನ್ನ ನೋಡ್ತಿದ್ದೆ. ಪರದೆ ನೋಡಲಿಲ್ಲ. ಅದಕ್ಕೇ ತಪ್ಪು ನನ್ನದು ಅಂದಿದ್ದು. ನಿಜಕ್ಕೂ ನನ್ನದೇ."

ಗೋಡೆಯಾಚೆಯಿಂದ ಇಗರಾಶಿ ಸೆನ್ಸೇಯ ಕೆಮ್ಮು ಕೇಳಿಸಿತು. "ಮೊದಲು ಪುಟ ಮುಗಿಸಿ! ಪ್ರೀತಿಗೆ ಗಡುವಿಲ್ಲ, ಸ್ಪರ್ಧೆಗೆ ಇದೆ!"

ಕೊನೆಯ ಚೌಕ ಮುಗಿದಾಗ ಕಿಟಕಿಯಾಚೆ ಬೆಳಕು ಇನ್ನೂ ಉಳಿದಿತ್ತು. ತಮಾಕಿ ಪೆನ್ನಿಟ್ಟು ಮೂಗು ಹಿಡಿದುಕೊಂಡಳು.

"ವ್ಯತ್ಯಾಸ... ಏನಾದರೂ ಇದೆಯಾ?"

ಅವನು ಬಹಳ ಹೊತ್ತು ನೋಡಿದ. "ಒಂದಿದೆ. ಕಳೆದುಹೋದ ಪುಟದಲ್ಲಿ ಹುಡುಗನ ಬೆನ್ನಷ್ಟೇ ಕಾಣ್ತಿತ್ತು. ಇದರಲ್ಲಿ ಅವನು ತಿರುಗಿ ನೋಡ್ತಿದ್ದಾನೆ."

"ತಿದ್ದಲಾ?"

"ಬೇಡ. ಅವನು ಇನ್ನೂ ಮುಂಚೆಯೇ ತಿರುಗಬೇಕಿತ್ತು."

ಕಥೆ ಪತ್ರಿಕೆಗೆ ಹೋಯಿತು. ಬಹುಮಾನ ಬರಲಿ ಬಿಡಲಿ, ಸ್ವಂತ ಕಥೆ ಬಿಡಿಸುವುದನ್ನು ನಿಲ್ಲಿಸುವ ಮಾತೇ ಅವಳ ತಲೆಯಲ್ಲಿ ಈಗ ಇರಲಿಲ್ಲ. ಡಿಸ್ಕಿಗೆ ಪ್ರತಿ ಹಾಕುವುದಷ್ಟೇ ಬಾಕಿ. ಗುಂಡಿಯ ಮೇಲೆ ಅವನ ಬೆರಳು, ಅದರ ಮೇಲೆ ಶಾಯಿಯ ಕಲೆ ಇನ್ನೂ ಹೋಗದ ಅವಳ ಬೆರಳು.

"ಈ ಸಲ ಹೊಸದು ಎಡಕ್ಕಾ, ಬಲಕ್ಕಾ?" ಅವನು ಕೇಳಿದ.

"ಪರದೇಲಿ ಎಡಕ್ಕೇ ಇರಲಿ." ಅವಳು ಬಲಕ್ಕೆ ಕೂತವನ ಭುಜಕ್ಕೆ ತಲೆ ಒರಗಿಸಿದಳು. "ಬಲಕ್ಕೆ ನೀನು ಇರು."

"'ನೀನು' ಅಂದ್ರಿ."

"ವ್ಯತ್ಯಾಸ ಗೊತ್ತಾಯ್ತಾ?"

"ಗೊತ್ತಾಯ್ತು... ತಮಾಕಿ."