ವಳ್ಳಿಯಮ್ಮನ ಬಾವಿ ಉಪ್ಪಾದದ್ದು

ಮಲ್ಲಿಗಾಳ ಸೋದರತ್ತೆ ವಳ್ಳಿಯಮ್ಮ ತೀರಿಕೊಂಡ ಹದಿನಾರನೆಯ ದಿನದ ಕಾರ್ಯ ಮುಗಿಯುವ ಮೊದಲೇ ಮನೆ ಕೇಳಿಕೊಂಡು ಜನ ಬರತೊಡಗಿದ್ದರು. ಮಾರುತ್ತೇವೆಂದು ಯಾರೂ ಯಾರಿಗೂ ಹೇಳಿರಲಿಲ್ಲ. ಆದರೂ ಉಡುಮಲೈಪೇಟೆಯ ಆ ನೇಕಾರರ ಬೀದಿಗೆ ದಲ್ಲಾಳಿ ಶಣ್ಮುಗಂ ಕಂಕುಳಲ್ಲಿ ಚೀಲ ಅವುಚಿಕೊಂಡು ಬಂದು, "ಕೈಮೇಲೆ ಕಾಸು, ನಾಳೆಯೇ ರಿಜಿಸ್ಟ್ರಿ" ಎನ್ನುತ್ತಿದ್ದ.

ಮಲ್ಲಿಗಾ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳೇ ಹೊರತು ತುಟಿ ಬಿಚ್ಚುತ್ತಿರಲಿಲ್ಲ. ಮನೆ ಈಗ ಅವಳದೇ. ಅತ್ತೆ ಅವಳ ಹೆಸರಿಗೆ ಬರೆದಿಟ್ಟು ಹೋಗಿದ್ದಳು. ಮನೆ ಹೋದರೆ ನಡುಮನೆಯ ಗುಂಡಿಮಗ್ಗ ಹೋಗುತ್ತಿತ್ತು. ಮಗ್ಗ ಹೋದರೆ ಅನ್ನ.

ಅವಳ ಪರವಾಗಿ ಮಾತಾಡುತ್ತಿದ್ದವನು ಸೋದರಮಾವ ರಂಗಸಾಮಿ. ತಿರುಪ್ಪೂರಿನ ಒಂದು ಬಣ್ಣದ ಶೆಡ್ಡಿನಲ್ಲಿ ನೂಲು ಅದ್ದುವ ಕೆಲಸ ಅವನದು. ಹೆತ್ತವರಿಲ್ಲದ ಮಲ್ಲಿಗಾ ದೊಡ್ಡವಳಾದಾಗ ಸೋದರಮಾವನ ಶಾಸ್ತ್ರದಂತೆ ಹಸಿ ತೆಂಗಿನ ಗರಿಯ ಗುಡಿಸಲು ಕಟ್ಟಿಕೊಟ್ಟ ಕೈ ಅದು.

"ಮಗೂ ಕಣ್ಣೀರು ಒಣಗಿಲ್ಲ, ಚೀಲ ತಂದ್ಯಾ? ನಡೀಯಯ್ಯಾ!" ಎಂದು ಅವನು ಶಣ್ಮುಗನನ್ನು ಬೀದಿಯ ತುದಿವರೆಗೆ ಅಟ್ಟಿದ್ದ. ಅಂದಿನಿಂದ ಮಲ್ಲಿಗಾಗೆ ಬೆನ್ನ ಹಿಂದೆ ಗೋಡೆಯೊಂದು ಇದ್ದಂತಾಗಿತ್ತು.

ಒಂಟಿ ಹೆಣ್ಣೆಂದು ರಾತ್ರಿ ಮಾತ್ರ ಎದುರಿನ ಮೆಸ್ಸಿನಲ್ಲಿ ಮಲಗುತ್ತಿದ್ದಳು. ಮೆಸ್ಸಿನ ಒಡತಿ ಮುತ್ತಮ್ಮಾಳ್‌ಗೆ ಹಿಟ್ಟು ರುಬ್ಬಿಕೊಡುವವಳೂ ಅವಳೇ. ಬೀದಿಯಲ್ಲಿ ಏನು ಕಳೆದರೂ ಜನ ಮೊದಲು ಮುತ್ತಮ್ಮಾಳ್ ಬಳಿ ಬರುತ್ತಿದ್ದರು. ದೇವಸ್ಥಾನದ ಗಂಟೆ ಕದ್ದವನನ್ನು ಅವನು ಅನ್ನ ಕಲಸುವ ಪರಿಯಲ್ಲೇ ಹಿಡಿದವಳು ಆಕೆ. "ಎಲೆ ಮುಂದೆ ಕೂತೋನ ಬಾಯಿ ಸುಳ್ಳು ಹೇಳುತ್ತೆ, ಹೊಟ್ಟೆ ಹೇಳಲ್ಲ" ಎನ್ನುವಳು.

ಎಂಬತ್ತಾರರ ಬೇಸಿಗೆಯ ಆ ಮುಂಜಾನೆ ಮಲ್ಲಿಗಾ ಮನೆ ಬಾಗಿಲು ತೆಗೆಯುವಷ್ಟರಲ್ಲಿ ರಂಗಸಾಮಿ ಬಂದ. ಯಾವಾಗ ಬಂದರೂ ನೇರ ಹಿತ್ತಲಿಗೆ ಹೋಗಿ ನೀರು ಸೇದಿ, ತಲೆಯೆತ್ತಿ ಗಟಗಟನೆ ಕುಡಿದು, "ತಿರುಪ್ಪೂರಲ್ಲಿ ಈ ನೀರು ಕಾಸು ಕೊಟ್ಟರೂ ಸಿಗಲ್ಲ ಕಣ್ಣು" ಎಂದು ಅವಳನ್ನು ಮುದ್ದಿಸುವುದು ಅವನ ರೂಢಿ. ಅಂದು ಜಗುಲಿಯಲ್ಲೇ ಕುಳಿತು, ತಂದಿದ್ದ ಗೋಲಿ ಸೋಡಾ ಒಡೆದು ಕುಡಿದ. "ಬಸ್ಸಲ್ಲಿ ಭಾರೀ ಸೆಖೆ" ಎಂದ.

ಆಗಲೇ ಪಕ್ಕದ ಮನೆಯ ವೇಲುಸಾಮಿಯ ಹೆಂಡತಿ ಕೊಡ ಹಿಡಿದು ಕೂಗುತ್ತಾ ಬಂದಳು. ಎರಡೂ ಮನೆಗೆ ಅದೊಂದೇ ಬಾವಿ. "ಮಗೂಗೆ ಇಟ್ಟ ಗಂಜಿಯೆಲ್ಲ ಉಪ್ಪು! ಏನಾಗಿದೆ ಈ ಬಾವಿಗೆ?"

ಮಲ್ಲಿಗಾ ಒಂದು ಬೊಗಸೆ ಬಾಯಿಗೆ ಹಾಕಿ ಉಗುಳಿದಳು. ಸಮುದ್ರದ ಉಪ್ಪು. ಅವಳು ಮೆಸ್ಸಿಗೆ ಓಡಿ ಮುತ್ತಮ್ಮಾಳ್‌ಗೆ ತಿಳಿಸಿ ಬರುವಷ್ಟರಲ್ಲಿ ಶಣ್ಮುಗಂ ಬಸ್ಸಿಳಿದು ನೇರ ಅಂಗಳಕ್ಕೆ ಬಂದು ನಿಂತಿದ್ದ.

"ಅವತ್ತು ಹೇಳಿದ್ದರಲ್ಲಿ ಅರ್ಧ ಕೊಡ್ತೀನಿ. ಉಪ್ಪು ಬಾವಿ ಮನೆಗೆ ಅದೇ ಜಾಸ್ತೀಂಗ."

ಈ ಸಲ ರಂಗಸಾಮಿ ಗದರಲಿಲ್ಲ. ನಿಟ್ಟುಸಿರು ಬಿಟ್ಟ. "ಹಣೆಬರಹ ಕಣ್ಣು. ನಾಳೆ ಇದೂ ಸಿಗಲ್ಲ. ಮುಂಗಡ ತಗೊಂಡುಬಿಡು."

ನೋಟಿನ ಕಟ್ಟು ಮುಂದೆ ಬಂತು. ಮಾವ ಹೇಳಿದ ಮೇಲೆ ಇನ್ನೇನು? ಮಲ್ಲಿಗಾ ಕೈ ಚಾಚಿದಳು.

"ಕೈ ಹಿಂದಕ್ಕೆ ತಗೋ, ಹುಡುಗಿ!" ಹಿಂದಿನಿಂದ ಮುತ್ತಮ್ಮಾಳ್ ದನಿ ಬಂತು. "ಮುಂಗಡ ಮುಟ್ಟಿದರೆ ಒಪ್ಪಿದ ಹಾಗೆ. ಕೇಳದೇ ಬಂದ ಕಾಸಿಗೆ ಅವಸರ ಜಾಸ್ತಿ, ನಿನಗೇನು ಅವಸರ? ನಾಳೆ ಮಧ್ಯಾಹ್ನ ಎಲ್ಲರಿಗೂ ನನ್ನ ಮೆಸ್ಸಲ್ಲಿ ಊಟ. ಅಲ್ಲಿ ಮಾತಾಡೋಣ."

ಆಮೇಲೆ ಮುತ್ತಮ್ಮಾಳ್ ಬಾವಿಯ ಬಳಿ ಹೋದಳು. ಬೇಸಿಗೆಗೆ ನೀರು ಮೊಳಕಾಲುದ್ದಕ್ಕೆ ಇಳಿದಿತ್ತು. ಸುಣ್ಣ ಬಳಿದ ಕಟ್ಟೆಯ ಮೇಲೆ ಏನೋ ಉಜ್ಜಿದ ಕಲೆಯನ್ನು ಒದ್ದೆ ಬೆರಳಿನಿಂದ ತಿಕ್ಕಿದಳು. ಬೆರಳು ನೀಲಿಯಾಯಿತು.

"ಇಲ್ಲಿ ನೀಲಿ ನೂಲೇನಾದರೂ ಒಗೆದೆಯಾ?"

"ಇಲ್ಲಕ್ಕಾ. ಅತ್ತೆ ಹೋದ ಮೇಲೆ ಮಗ್ಗಕ್ಕೇ ಇಳಿದಿಲ್ಲ."

ಮುತ್ತಮ್ಮಾಳ್ ಬಾವಿ ತೋಡುವವರಿಗೆ ಹೇಳಿಕಳಿಸಿದಳು.

ಮರುದಿನ ಮಧ್ಯಾಹ್ನ ಮೆಸ್ಸಿನಲ್ಲಿ ರಂಗಸಾಮಿ, ಶಣ್ಮುಗಂ, ವೇಲುಸಾಮಿ ಮೂವರೂ ಎಲೆಯ ಮುಂದೆ ಕುಳಿತರು. ಬಡಿಸಲು ಬಂದ ಮಲ್ಲಿಗಾಳನ್ನು ಮುತ್ತಮ್ಮಾಳ್ ಪಕ್ಕದಲ್ಲೇ ನಿಲ್ಲಿಸಿಕೊಂಡು, ಎಲ್ಲರ ಲೋಟಕ್ಕೂ ನೀರು ಹೊಯ್ದಳು.

"ಅರೆ, ಸಿಹಿ! ಎಲ್ಲಿಯ ನೀರಕ್ಕಾ?" ಎಂದ ವೇಲುಸಾಮಿ.

"ವಳ್ಳಿಯಮ್ಮನ ಬಾವೀದೇ. ಇದ್ದದ್ದೆಲ್ಲ ಎತ್ತಿ ಚೆಲ್ಲಿಸಿದೆ. ಹೊಸ ಒರತೆ ಬಂತು. ಒರತೆ ಸಿಹಿಯಾಗಿದೆ ಅಂದರೆ ಉಪ್ಪು ಮೇಲಿಂದ ಬಿತ್ತು. ರಾತ್ರಿ ಮನೆ ಖಾಲಿ, ಹಿತ್ತಲಿಗೆ ಬೇಲಿಯಿಲ್ಲ. ಹಾಕಿದೋರು ಯಾರು?"

"ನನ್ನ ನೋಡಬೇಡಿ!" ವೇಲುಸಾಮಿ ಹಾರಿಬಿದ್ದ. "ಆ ಮನೆ ಹಿತ್ತಲನ್ನ ನಾನೂ ಕೊಳ್ಳೋಕೆ ಕೇಳಿದ್ದು ನಿಜ. ಮಗ್ಗದ ಶೆಡ್ಡಿಗೆ."

"ಕೂತ್ಕೋಪ್ಪಾ. ನೀನಾಗಿದ್ದರೆ ಹಿಂದಿನ ದಿನವೇ ಮನೇಲಿ ಕೊಡ ತುಂಬಿಸಿ ಇಡ್ತಿದ್ದೆ. ನಿನ್ನ ಮಗೂ ಗಂಜಿಯೇ ಕೆಟ್ಟಿತಲ್ಲ." ಮುತ್ತಮ್ಮಾಳ್ ದಲ್ಲಾಳಿಯತ್ತ ತಿರುಗಿದಳು. "ಶಣ್ಮುಗಂ, ನೀನು ಬಸ್ಸಿಳಿದ ಕೂಡಲೇ ಉಪ್ಪು ಬಾವಿ ಅಂದೆ. ನಮಗೇ ಆಗಷ್ಟೇ ಗೊತ್ತಾಗಿತ್ತು. ಬಸ್ಸು ಹತ್ತೋ ಮೊದಲೇ ನಿನಗೆ ಯಾರೋ ಹೇಳಿದ್ದರು. ಇನ್ನು ಕಟ್ಟೆ ಮೇಲಿನ ನೀಲಿ. ಅದು ಮೂಟೆ ಉಜ್ಜಿದ ಗುರುತು. ಉಪ್ಪಿನ ಮೂಟೆಗೆ ನೀಲಿ ಎಲ್ಲಿ ಮೆತ್ತುತ್ತೆ? ನೂಲಿಗೆ ಬಣ್ಣ ನಿಲ್ಲೋಕೆ ತೊಟ್ಟಿಗೆ ಉಪ್ಪು ಸುರೀತಾರಲ್ಲ, ಅಲ್ಲಿ."

ಮುತ್ತಮ್ಮಾಳ್ ಪಕ್ಕದಲ್ಲಿ ನಿಂತವಳತ್ತ ತಿರುಗಿದಳು.

"ಮಲ್ಲಿಗಾ, ನಿನ್ನೆ ನಿಮ್ಮ ಮಾವ ಬಂದಾಗ ಏನು ಕುಡಿದರು?"

"ಸೋಡಾ..." ಎಂದವಳಿಗೆ ಥಟ್ಟನೆ ಹೊಳೆಯಿತು. ಪಕ್ಕದ ಮನೆಯವಳ ಕೂಗು ಏಳುವ ಮೊದಲೇ. ಯಾರೂ ರುಚಿ ನೋಡುವ ಮೊದಲೇ. ಅವಳು ಎಲ್ಲವನ್ನೂ ನೋಡಿದ್ದಳು, ಮಾವನಾದ್ದರಿಂದ ಕಂಡಿರಲಿಲ್ಲ.

"ಬಂದಾಗಲೆಲ್ಲ ಹುಡುಕಿ ಕುಡಿಯೋ ನೀರನ್ನ ನಿನ್ನೆ ಯಾಕೆ ಮುಟ್ಟಲಿಲ್ಲ, ರಂಗಸಾಮಿ?"

ಮೊದಲು ಬಾಯಿಬಿಟ್ಟವನು ಶಣ್ಮುಗಂ. "ನಾನು ಕಮಿಷನ್ ಆಳೂಂಗ. ಇವರ ಶೆಡ್ಡಿನ ಯಜಮಾನ ಮೊದಲಾಳಿಗೆ ಬೇಕಾದ್ದು ಮನೆಯಲ್ಲ, ಸಿಹಿನೀರು. ಹೊಸ ಬಣ್ಣದ ಶೆಡ್ಡಿಗೆ. ಕಡಿಮೆಗೆ ಕೊಡಿಸಿದರೆ ಇವರಿಗೂ ಅದರಲ್ಲಿ ಪಾಲು. ಮೊದಲ ದಿನ ನನ್ನ ಅಟ್ಟಿದ್ದೂ ಇವರೇ ಹೇಳಿಕೊಟ್ಟ ನಾಟಕ."

"ನಿನ್ನ ಮದುವೆಗೂ ಆಗ್ತಿತ್ತು ತಾನೇ, ಕಣ್ಣು..." ರಂಗಸಾಮಿ ತೊದಲಿದ.

ಅಷ್ಟು ಜನ ಗಂಡಸರ ಮುಂದೆ ಮಲ್ಲಿಗಾ ಎಂದೂ ಮಾತಾಡಿದವಳಲ್ಲ. "ಕೇಳಿದ್ದರೆ ಕೊಡ್ತಿದ್ದೆ ಮಾಮಾ" ಎಂದಳು. "ನೀವು ತೋರಿಸಿದ ಕಡೆ ಸಹಿ ಹಾಕ್ತಿದ್ದೆ. ಬಾವಿಗೆ ಯಾಕೆ ಸುರಿದ್ರಿ?"

ಅವನು ಎದ್ದು ಚಪ್ಪಲಿ ಮೆಟ್ಟಿ ಹೋದ. ತುಂಬಿದ ಲೋಟ ಎಲೆಯ ಪಕ್ಕದಲ್ಲಿ ಹಾಗೆಯೇ ಉಳಿಯಿತು. ಮಲ್ಲಿಗಾ ಅದನ್ನು ಒಯ್ದು ಕರಿಬೇವಿನ ಬುಡಕ್ಕೆ ಚೆಲ್ಲಿದಳು.

ಕೆಲವು ದಿನಗಳ ಮೇಲೆ ಪೋತ್ತನೂರಿನ ಕಡೆಯಿಂದ ಇನ್ನೊಬ್ಬ ಚೀಲ ಹಿಡಿದು ಬಂದ. ಮಲ್ಲಿಗಾ ಮಗ್ಗದ ಗುಂಡಿಯಿಂದ ಮೇಲೆದ್ದು ಬಾಗಿಲ ಮುಂದೆಯೇ ಬಂದು ನಿಂತಳು.

"ಮನೆ ಕೊಡಲ್ಲ. ಬಿಸಿಲಲ್ಲಿ ಬಂದಿದ್ದೀರಿ, ನೀರು ಬೇಕಾದರೆ ಕುಡಿದು ಹೋಗಿ."

ಅವನು ಚೊಂಬು ತೆಗೆದುಕೊಂಡು ಮಾವನ ಹಾಗೆಯೇ ತಲೆಯೆತ್ತಿ ಗಟಗಟನೆ ಕುಡಿದ. ಅವಳು ಮುಖ ತಿರುಗಿಸಿಕೊಂಡಳು.