ಪರದೆ ಹಾಕಿದ ಕಿಟಕಿ

"ಇನ್ನೊಂದೇ ಕಿಟಕಿ ಬಾಕಿ ಅಮ್ಮಾ!" ಎಂದಳು ಚೂಟಿ, ಸೂಜಿಯಿಂದ ಕಣ್ಣು ಕೀಳದೆ.

ಯಾವುದೂ ಅವಳ ಕಣ್ಣಿಂದ ತಪ್ಪಿಸಿಕೊಳ್ಳುವಂತಿಲ್ಲ. ಅದಕ್ಕೇ ಆ ಅಡ್ಡಹೆಸರು. ನಾಳೆ ಸ್ಕೂಲ್ ಎಕ್ಸಿಬಿಷನ್. ಬಿಳಿ ಬಟ್ಟೆಯ ಮೇಲೆ ಎದುರಿನ ಬಿಲ್ಡಿಂಗನ್ನೇ ಕಸೂತಿ ಹಾಕಿದ್ದಳು. ಹಿಂಬದಿಯೂ ನೀಟಾಗಿದ್ದರೆ ಐದು ಮಾರ್ಕ್ಸ್ ಜಾಸ್ತಿ.

ಕೊನೆಯ ಕಿಟಕಿ ಟೈಲರ್ ಆಂಟಿಯದು. ಬೀದಿಯವರೆಲ್ಲ ಹೊಗಳುವ ಆಂಟಿಯ ಉದ್ದ ಜಡೆ ನಿಜವಾದದ್ದಲ್ಲ! ಸಂಜೆ ಅದನ್ನು ತೆಗೆದು ಮೊಳೆಗೆ ನೇತುಹಾಕುವುದನ್ನು ಚೂಟಿ ಕಂಡಿದ್ದಳು. ಈಗ ಅದನ್ನೇ ಹೊಲಿದಳು: ಬೋಳು ತಲೆ, ಮೊಳೆಯಲ್ಲಿ ಜಡೆ. ಫಸ್ಟ್ ಪ್ರೈಜ್ ಗ್ಯಾರಂಟಿ!

"ಮುಗೀತಾ? ಆಂಟಿ ಹತ್ರ ಹೋಗಿ ಯೂನಿಫಾರ್ಮ್ ಇಸ್ಕೊಂಡ್ ಬಾರೇ" ಎಂದಳು ಅಮ್ಮ.

ಆಂಟಿಯ ಬಾಗಿಲು ಅರ್ಧ ತೆರೆದಿತ್ತು. "ಬಾ ಪುಟ್ಟಾ, ಒಂದು ಗುಂಡಿ ಹಾಕಿ ಕೊಡ್ತೀನಿ" ಎಂಬ ದನಿ ಒಳಗಿನಿಂದ ಬಂತು.

ಹೊಲಿಗೆ ಮಿಷನ್ ಪಕ್ಕ ದಾರದಲ್ಲಿ ಒಂದು ಬಟ್ಟೆ ತೂಗುತ್ತಿತ್ತು. ತುಂಬ ಕಿಟಕಿಗಳ ಕಸೂತಿ. ಅರೆ, ಇದು ನಮ್ಮ ಬಿಲ್ಡಿಂಗ್! ಕೆಳಗಿನ ಮನೆಯ ತಾತ ಕನ್ನಡಕ ಹುಡುಕುತ್ತಿದ್ದಾರೆ; ಅದು ಅವರ ತಲೆಯ ಮೇಲೇ ಇದೆ. ಚೂಟಿಗೆ ನಗು ಬಂತು.

ತನ್ನ ಕಿಟಕಿ ಎಲ್ಲಿ? ಅದಕ್ಕೊಂದಕ್ಕೆ ಮಾತ್ರ ನೀಲಿ ತುಂಡುಬಟ್ಟೆಯ ಪರದೆ ಹಚ್ಚಿದ್ದರು. ಮುಟ್ಟಿದಳು. ಅದರಡಿ ಏನೋ ಉಬ್ಬಿತ್ತು.

ಫ್ಯಾನ್ ಗಾಳಿಗೆ ಬಟ್ಟೆ ತಾನಾಗಿಯೇ ಮೆಲ್ಲಗೆ ತಿರುಗಿತು. ಪರದೆಯಡಿಯ ಹೊಲಿಗೆ ಹಿಂಬದಿಯಲ್ಲಿ ಕಾಣುತ್ತಿತ್ತು: ದಾರದ ಗಂಟುಗಳ ನಡುವೆ ಎರಡು ಜಡೆಯ ಹುಡುಗಿ. ಪುಸ್ತಕದ ಮುಂದೆ ಕೂತು ಹೆಬ್ಬೆರಳು ಚೀಪುತ್ತಿದ್ದಳು.

ಅದು ಚೂಟಿಯೇ! ಐದನೇ ಕ್ಲಾಸಿಗೆ ಬಂದರೂ ಬೆರಳು ಚೀಪುವುದು ಅಮ್ಮನಿಗೂ ಗೊತ್ತಿರಲಿಲ್ಲ. ತಾನು ಈ ಕಿಟಕಿಯನ್ನು ನೋಡುತ್ತಿದ್ದಷ್ಟೂ ದಿನ ಇಲ್ಲಿಂದಲೂ ಯಾರೋ ನೋಡುತ್ತಿದ್ದರು!

"ಕಂಡ್ತಾ?"

ಆಂಟಿ ಬೆನ್ನ ಹಿಂದೆಯೇ ನಿಂತಿದ್ದರು. ಯಾವಾಗ ಬಂದರೋ!

"ಇದನ್ನ... ಯಾರಿಗಾದ್ರೂ ತೋರಿಸಿದ್ರಾ ಆಂಟಿ?"

"ಇಲ್ಲಮ್ಮ. ಹೊಲಿದ ಮೇಲೆ ಯಾಕೋ ಮನಸ್ಸಿಗೆ ಸರಿ ಬರ್ಲಿಲ್ಲ. ಪರದೆ ಹಾಕ್ಬಿಟ್ಟೆ." ಆಂಟಿಯ ಕೈ ತಮ್ಮ ಜಡೆಯತ್ತ ಹೋಯಿತು. "ನಾಳೆ ನಿನ್ನ ಕಸೂತಿ ನೋಡೋಕೆ ನಾನೂ ಬರ್ತೀನಿ. ಏನ್ ಹೊಲ್ದಿದ್ದೀಯ?"

ಚೂಟಿಯ ಮುಖ ಬಿಸಿಯಾಯಿತು. "ಆಂಟಿ, ಆ ನೀಲಿ ಬಟ್ಟೆ ಇನ್ನೂ ಇದ್ಯಾ? ಚೂರೇ ಚೂರು ಸಾಕು."

ಮರುದಿನ ಮಿಸ್ ಅವಳ ಬಟ್ಟೆಯ ಮುಂದೆ ನಿಂತರು. ಪಕ್ಕದಲ್ಲೇ ಆಂಟಿ.

"ಇದೊಂದು ಕಿಟಕಿ ಯಾಕೆ ಮುಚ್ಚಿದೆ? ಯಾರೂ ಇಲ್ವಾ?"

"ಇದ್ದಾರೆ ಮಿಸ್."

"ಸರಿ, ಹಿಂಬದಿ ನೋಡೋಣ" ಎಂದು ಮಿಸ್ ಕೈ ಚಾಚಿದರು.

ಚೂಟಿ ಎರಡೂ ಅಂಗೈಯಿಂದ ಬಟ್ಟೆಯನ್ನು ಮೇಜಿಗೆ ಒತ್ತಿ ಹಿಡಿದಳು. "ಬೇಡ ಮಿಸ್. ಆ ಐದು ಮಾರ್ಕ್ಸ್ ಬೇಡ."